ಕೋಲು ಬಗ್ಗಿಸಿದ ಬೆಲ್ಲ

ನಮ್ಮನೆ ಅಡುಗೆಮನೆ ಕಿಟಕಿ ಹತ್ರ ಒಂದು ಕೊಕ್ಕೆ ಇದೆ. ಕೊಕ್ಕೇಲಿ ಒಂದು ಬಟ್ಟೆ ಚೀಲ, ಚೀಲದಲ್ಲಿ ಬೆಲ್ಲದ ಅಚ್ಚು. ಬೆಲ್ಲ ಎಲ್ಲರ ಮನೇಲೂ ಇರುತ್ತಪ್ಪಾ, ಅದರಲ್ಲೇನು ವಿಶೇಷ ಅಂತೀರಾ? ನಮ್ಮನೆ ಬೆಲ್ಲದ ಚೀಲದ ಮೇಲೆ ಒಂದು ಹಸಿರು ಸ್ಟಿಕ್ಕರ್ ಇದೆ. ತೂಕ: ಸಾವಿರ ಗ್ರಾಂ. ಪರೀಕ್ಷೆ ಮಾಡಿದವರು: ನಾನು. ಮುಂದಿನ ಪರೀಕ್ಷೆ: ಒಂದು ವರ್ಷ ಬಿಟ್ಟು. ಕೆಳಗೆ ನನ್ನ ಸಹಿ, ಬಾಲ ಸಮೇತ. ಇಡೀ ಸ್ವೀಡನ್ನಲ್ಲಿ ಕ್ಯಾಲಿಬ್ರೇಷನ್ ಆಗಿರೋ ಬೆಲ್ಲ ಇದೊಂದೇ ಅಂತ ನಾನು ಎದೆ ತಟ್ಟಿ ಹೇಳ್ತೀನಿ. ಆ ಸ್ಟಿಕ್ಕರಲ್ಲಿ ಬರೆದಿರೋದ್ರಲ್ಲಿ ಸಹಿ ಒಂದು ಬಿಟ್ಟು ಯಾವುದೂ ನಿಜ ಅಲ್ಲ ಅನ್ನೋದು ಬೇರೆ ಮಾತು.

ಆ ಚೀಲ ನೋಡ್ದಾಗ್ಲೆಲ್ಲ ನನಗೆ ಎರಡು ನೆನಪಾಗುತ್ತೆ. ಒಂದು, ಕೆಳಗಿನ ಮನೆ ಇಂಗ್ರಿಡ್ ಅಜ್ಜಿಯ ಗಾಲ್ಫ್ ಕೋಲುಗಳು. ಇನ್ನೊಂದು, ಬಳ್ಳಾರಿಯಲ್ಲಿ ನಮ್ಮ ಸ್ಕೂಲಿನ ಬೆತ್ತಗಳು. ಬೆತ್ತದ ಕತೆ ಮೊದ್ಲು ಹೇಳ್ತೀನಿ, ಮೊದ್ಲು ಬಿದ್ದಿದ್ದು ಅದೇ.

ನಮಗೆ ಏಟು ಕೊಡೋ ಮೇಷ್ಟ್ರು ಮೂರು ಜನ. ಗಣಿತದವರು, ಹಿಂದಿಯವರು, ಪಿಟಿಯವರು. ಮೂವರ ಬಾಯಲ್ಲೂ ಒಂದೇ ಮಾತು, "ಮೀಡಿಯಂ ಆಗಿ ಎರಡು ಕೊಡ್ತೀನಿ, ಕೈ ಹಿಡಿ." ಗಣಿತದವರ ಮೀಡಿಯಂ ಅಂದ್ರೆ ಹುಣಸೆ ಬರಲು. ಸುಯ್ಯ್ ಅಂತ ಬಳುಕಿ ಬಂದು, ಕೈಗೆ ತಾಗಿ, ಬಾಗಿ, ಮಣಿಕಟ್ಟನ್ನೂ ಮಾತಾಡಿಸಿಕೊಂಡು ಹೋಗೋದು. ಪಿಟಿಯವರ ಮೀಡಿಯಂ ಬಳುಕೋ ಜಾತೀದೇ ಅಲ್ಲ, ಸಣ್ಣ ಸೈಜಿನ ವಿದ್ಯುತ್ ಕಂಬ. ಇದು ಅನ್ಯಾಯ ಅಂತ ನನಗೆ ಏಳನೇ ಕ್ಲಾಸಲ್ಲೇ ಅನಿಸಿತ್ತು. ಒಂದಿನ ಲಂಚ್ ಬ್ರೇಕಲ್ಲಿ ಮೂರೂ ಬೆತ್ತ ತಂದು, ಒಂದೊಂದನ್ನೇ ಡೆಸ್ಕಿನ ಸಂದಿಗೆ ಸಿಗಿಸಿ, ತುದಿಗೆ ನನ್ನ ಕಂಪಾಸ್ ಬಾಕ್ಸ್ ನೇತು ಹಾಕಿ, ಎಷ್ಟು ಬಗ್ಗುತ್ತೆ ಅಂತ ಸ್ಕೇಲಲ್ಲಿ ಅಳೀತಾ ಇದ್ದೆ. ಹಿಂದಿನಿಂದ ಪಿಟಿ ಮೇಷ್ಟ್ರ ಧ್ವನಿ ಬಂತು.

"ಏನ್ ಮಾಡಾಕತ್ತೀಯಲೇ?"

"ಅಳೀತಿದ್ದೆ ಸರ್."

"ಹೌದಾ? ಕೈ ಹಿಡಿ. ಉಳಿದಿದ್ದು ನಾ ಅಳೀತೀನಿ."

ಗಾಲ್ಫ್ ಕೋಲು ಮಾಡೋರ ಅಂಗಡಿಗಳಲ್ಲಿ ಕೋಲಿನ ಬಳುಕು ಅಳೆಯೋ ಹಲಗೆ ಅಂತ ಒಂದಿರುತ್ತೆ. ಕೋಲಿನ ಹಿಡಿ ಕಡೆ ತುದೀನ ಬಿಗಿಯಾಗಿ ಕಚ್ಚಿಸಿ, ಇನ್ನೊಂದು ತುದಿಗೆ ತೂಕ ಕಟ್ಟಿ, ಎಷ್ಟು ಕೆಳಗಿಳೀತು ಅಂತ ಹಿಂದಿರೋ ಗೆರೆ ಮೇಲೆ ನೋಡೋದು, ಅಷ್ಟೇ. ಅದನ್ನ ಮೊದಲ ಸಲ ನೋಡ್ದಾಗ ನನ್ನ ಅಂಗೈ ತಾನಾಗೇ ಮುಚ್ಕೊಂಡಿತು. ನನ್ನ ಕಂಪಾಸ್ ಬಾಕ್ಸ್ ಯಂತ್ರಾನ ಇವರು ಬಣ್ಣ ಬಳಿದು ಗೋಡೆಗೆ ಹೊಡೆದಿದ್ರು!

ನಾನು ಗಾಲ್ಫಿಗೆ ಬಿದ್ದಿದ್ದು ಆಫೀಸಿನವರಿಂದ. ಮೋಲ್ನ್‌ಡಾಲ್‌ನಲ್ಲಿ ಒಂದು ಲ್ಯಾಬಲ್ಲಿ ನನಗೆ ಕೆಲಸ. ತಕ್ಕಡಿ, ಥರ್ಮಾಮೀಟರ್ ಎಲ್ಲ ಸರಿಯಾಗಿ ತೋರಿಸ್ತಿದ್ಯಾ ಅಂತ ಪರೀಕ್ಷೆ ಮಾಡಿ ಹಸಿರು ಸ್ಟಿಕ್ಕರ್ ಅಂಟಿಸೋನು ನಾನು. ಒಂದು ಶನಿವಾರ ಎಲ್ಲ ಸೇರಿ ಆಡೋಕೆ ಕರ್ಕೊಂಡು ಹೋದ್ರು. ನಾನು ಬೀಸಿದೆ. ಹುಲ್ಲು ಹೋಯ್ತು, ಮಣ್ಣು ಹೋಯ್ತು, ಕೋಲೂ ಹೋಯ್ತು. ಚೆಂಡು ಮಾತ್ರ ಇದ್ದಲ್ಲೇ ಕೂತು ನನ್ನ ಮುಖ ನೋಡ್ತಿತ್ತು. ತಪ್ಪು ನನ್ನದಾಗಿರೋಕೆ ಸಾಧ್ಯ ಇಲ್ವಲ್ಲ, ಹಾಗಾಗಿ ಕೋಲನ್ನ ಪರೀಕ್ಷೆ ಮಾಡ್ದೆ. ಅದರ ಮೇಲೆ "ರೆಗ್ಯುಲರ್" ಅಂತಿತ್ತು. ಪಕ್ಕದವನ ಕೋಲಲ್ಲೂ "ರೆಗ್ಯುಲರ್". ಬಗ್ಗಿಸಿ ನೋಡಿದ್ರೆ ಒಂದು ಹುಣಸೆ ಬರಲು, ಇನ್ನೊಂದು ವಿದ್ಯುತ್ ಕಂಬ. ವಿಚಾರಿಸಿದ್ರೆ, ಮೆತ್ತಗಿನದ್ದಕ್ಕೆ ಲೇಡೀಸ್, ಆಮೇಲೆ ಸೀನಿಯರ್, ಆಮೇಲೆ ರೆಗ್ಯುಲರ್, ಆಮೇಲೆ ಸ್ಟಿಫ್ ಅಂತ ಎಲ್ಲರೂ ಬರೀತಾರಂತೆ, ಆದ್ರೆ ಯಾವುದು ಎಷ್ಟು ಬಗ್ಗಬೇಕು ಅನ್ನೋದು ಆಯಾ ಕಂಪನಿಯವರ ಇಷ್ಟ. ಪಿಟಿ ಮೇಷ್ಟ್ರು ನನ್ನ ಹಿಂದೇನೇ ಯೂರೋಪಿಗೆ ಬಂದುಬಿಟ್ಟಿದ್ದಾರೆ ಅನ್ನಿಸ್ತು.

ಅವತ್ತಿಂದ ನನಗೆ ಆಟ ಬೇಡ, ಕೋಲು ಸಾಕು ಅಂತಾಯ್ತು. ಪುಸ್ತಕ ಓದ್ದೆ, ವಿಡಿಯೋ ನೋಡ್ದೆ, ಗರಗಸ ತಂದೆ. ನನಗಾಗಿ ಎರಡು ಕೋಲು ಕಟ್ಟಿದೆ. ಒಂದರ ತಲೆ ಇನ್ನೂ ಗಾಲ್ಫ್ ಮೈದಾನದ ಹದಿನಾಲ್ಕನೇ ಗುಂಡಿ ಪಕ್ಕದ ಕೆರೇಲಿದೆ. ಇನ್ನೊಂದು ಪರವಾಗಿಲ್ಲ, ಪರದೆ ತೂಗು ಹಾಕೋಕೆ ಆಗಿಬರುತ್ತೆ.

ಈಗ ಇಂಗ್ರಿಡ್ ವಿಷಯ. ನಮ್ಮ ಬಿಲ್ಡಿಂಗಿನ ನೆಲಮಾಳಿಗೇಲಿ ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯೋ ಕೋಣೆ ಇದೆ. ಬಾಗಿಲ ಪಕ್ಕ ಒಂದು ಬೋರ್ಡು, ಬೋರ್ಡ್ ತುಂಬ ವಾರ, ಹೊತ್ತು ಬರೆದಿರೋ ತೂತುಗಳು. ಪ್ರತಿ ಮನೆಗೂ ಒಂದು ಪುಟಾಣಿ ಬೀಗ. ನಿಮಗೆ ಬೇಕಾದ ತೂತಿಗೆ ಬೀಗ ಸಿಗಿಸಿ ತಿರುಗಿಸಿದ್ರೆ ಆ ಹೊತ್ತು ನಿಮ್ಮದು. ಈ ದೇಶದಲ್ಲಿ ಯಾವ ತಪ್ಪಿಗೆ ಬೇಕಾದ್ರೂ ಕ್ಷಮೆ ಇದೆ, ಇನ್ನೊಬ್ಬರ ಒಗೆಯೋ ಹೊತ್ತಿಗೆ ಕೈ ಹಾಕಿದ್ರೆ ಮಾತ್ರ ಇಲ್ಲ. ಬೋರ್ಡ್ ನೋಡೋದು ನನ್ನಂಥ ಮೇಧಾವಿಗೆ ಬೇಕಾ? ಒಂದು ಗುರುವಾರ ಬೆಳಿಗ್ಗೆ ನೇರವಾಗಿ ಹೋಗಿ ಎರಡೂ ಮೆಷಿನ್ನಿಗೆ ಬಟ್ಟೆ ತುಂಬಿದೆ. ಹಿಂತಿರುಗಿದ್ರೆ ಬಾಗಿಲಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಸೊಂಟದ ಮೇಲೆ ಬುಟ್ಟಿ, ಬಲ ಮಣಿಕಟ್ಟಿಗೆ ಬಿಗಿ ಪಟ್ಟಿ.

"ಗುರುವಾರ ನನ್ನದು," ಅಂದ್ರು.

ನನಗೆ ಬರೋ ಎಲ್ಲಾ ಸ್ವೀಡಿಷ್ ಸೇರಿಸಿ ಕ್ಷಮೆ ಕೇಳಿದೆ, ಬುಟ್ಟಿ ಇಸ್ಕೊಂಡೆ, ನನ್ನ ಒದ್ದೆ ಬಟ್ಟೆ ತಲೆ ಮೇಲೆ ಹೊತ್ಕೊಳ್ಳೋಕೂ ತಯಾರಾದೆ. ಅವರಿಗೆ ನಗು ಬಂತು.

"ಇರ್ಲಿ ಬಿಡು. ಮೊದ್ಲು ನನ್ನ ಗುರುವಾರ ಒಗೆಯೋಕೆ ಇರ್ಲಿಲ್ಲ. ಗಾಲ್ಫಿಗಿತ್ತು."

ಹಾಗೆ ಶುರುವಾಯ್ತು. ನಾಲ್ಕು ಜನ ಗೆಳತಿಯರು ವರ್ಷಗಟ್ಟಲೆ ಗುರುವಾರ ಬೆಳಿಗ್ಗೆ ಆಡ್ತಿದ್ರಂತೆ. ಫೆಬ್ರವರಿಯಲ್ಲಿ ಐಸ್ ಮೇಲೆ ಜಾರಿ ಇಂಗ್ರಿಡ್ ಕೈ ಮುರೀತು. ಮೂಳೆ ಕೂಡಿದೆ, ಆಡ್ಬಹುದು ಅಂತ ಡಾಕ್ಟರೂ ಹೇಳಿದ್ದಾರೆ. ಆದ್ರೆ ಹಳೇ ಸ್ಟೀಲ್ ಕೋಲಲ್ಲಿ ಒಂದು ಹೊಡೆದ್ರೆ ಮೊಣಕೈ ತನಕ ಕರೆಂಟ್ ಹೊಡೆದ ಹಾಗಾಗುತ್ತಂತೆ. ಈ ಮಧ್ಯೆ ಬಿರ್ಗಿತ್ತಾ ಅಂತ ಹೊಸದಾಗಿ ರಿಟೈರ್ ಆದವರೊಬ್ಬರು, ನಿಮ್ಮ ಗುಂಪಲ್ಲಿ ಜಾಗ ಇದ್ರೆ ಹೇಳಿ ಅಂತ ಕೇಳಿದ್ದಾರೆ. ಗೆಳತಿಯರು ಏನೂ ಅಂದಿಲ್ಲ. ಇಂಗ್ರಿಡ್ಡೇ ತೀರ್ಮಾನ ಮಾಡ್ಕೊಂಡಿದ್ದಾರೆ: ಸೆಪ್ಟೆಂಬರ್ ಕೊನೇ ಗುರುವಾರ ಒಂಬತ್ತು ಗುಂಡಿ ಪೂರ್ತಿ ಆಡ್ಬೇಕು. ಆಗ್ಲಿಲ್ವಾ, ಜಾಗ ಬಿರ್ಗಿತ್ತಾಗೆ.

"ಅವಳು ಕೆಟ್ಟವಳಾಗಿದ್ರೆ ಸುಲಭ ಇತ್ತು," ಅಂದ್ರು. "ತುಂಬಾ ಒಳ್ಳೆಯವಳು."

ಇಂಥ ಹೊತ್ತಲ್ಲಿ ಬುದ್ಧಿ ಇರೋನು ಅಯ್ಯೋ ಪಾಪ ಅಂದು ಮನೆಗೆ ಹೋಗ್ತಾನೆ. ನನ್ನ ಬಾಯಿ, "ನಾನು ಗಾಲ್ಫ್ ಕೋಲು ಕಟ್ತೀನಿ," ಅಂದುಬಿಡ್ತು.

"ಎಷ್ಟು ಕಟ್ಟಿದ್ದೀಯ?"

"ಸುಮಾರು."

"ನನಗೆ ಮುದುಕಿಯರ ಕೋಲು ಬೇಡ. ನಾನು ಯಾವಾಗ್ಲೂ ರೆಗ್ಯುಲರ್ರೇ ಆಡಿದ್ದು."

"ರೆಗ್ಯುಲರ್ರೇ ಮಾಡೋಣ," ಅಂದೆ, ನಮ್ಮಪ್ಪನ ಕಾರ್ಖಾನೇಲಿ ಆರ್ಡರ್ ತಗೊಂಡ ಹಾಗೆ.

ಅವರ ಹಳೇ ಕೋಲುಗಳ ಕಬ್ಬಿಣದ ತಲೆಗಳನ್ನ ಬಿಚ್ಚಿ ಅದುರು ಕಡಿಮೆ ಇರೋ ಹೊಸ ಗ್ರಾಫೈಟ್ ಶಾಫ್ಟಿಗೆ, ಅಂದ್ರೆ ದಂಡಕ್ಕೆ, ಕೂರಿಸೋದು, ಇದು ಪ್ಲಾನು. ಐದನೇ ನಂಬರಿಂದ ಒಂಬತ್ತರ ತನಕ ಐದು, ಕೊನೇಗೆ ಗಿಡ್ಡದೊಂದು, ಅದಕ್ಕೆ ವೆಜ್ ಅಂತಾರೆ. ಒಟ್ಟು ಆರು ಕೋಲು. ನಾನು ಎಂಟು ಶಾಫ್ಟ್ ತರಿಸಿದೆ. ಎರಡು ಕೆಡಿಸ್ತೀನಿ ಅಂತ ನನ್ನ ಮೇಲೆ ನನಗೆ ನಂಬಿಕೆ ಇತ್ತು. ಶಾಫ್ಟಿನ ತುದಿ ಕತ್ತರಿಸಿದಷ್ಟೂ ಅದು ಗಡಸಾಗುತ್ತೆ. ಸ್ವಲ್ಪ ಕತ್ತರಿಸೋದು, ತೂಕ ಕಟ್ಟಿ ಬಳುಕು ನೋಡೋದು, ಜಾಸ್ತಿ ಬಗ್ಗಿದ್ರೆ ಮತ್ತೆ ಕತ್ತರಿಸೋದು. ಪ್ರತಿ ನಂಬರಿಗೂ ಎಷ್ಟು ಬಗ್ಗಬೇಕು ಅಂತ ಒಂದು ಪಟ್ಟಿ ಇದೆ, ಆ ಗೆರೆಗೆ ಬಂದ್ರೆ ಸಾಕು. ಆಗ ಆರೂ ಕೋಲು ಕೈಗೆ ಒಂದೇ ತರ ಅನಿಸುತ್ತೆ.

ಅಡುಗೆಮನೆ ಮೇಜಿಗೆ ಶಾಫ್ಟ್ ಕಚ್ಚೋ ಹಿಡಿ ಬಿಗಿದೆ, ಹಿಂದೆ ಗ್ರಾಫ್ ಹಾಳೆ ಅಂಟಿಸಿದೆ. ತುದಿಗೆ ಕಟ್ಟೋಕೆ ಸ್ಟೀಲಿನ ತೂಕ ತರಿಸಿದ್ದೆ, ಅದಿನ್ನೂ ದಾರೀಲಿತ್ತು. ನನಗೋ ಆತುರ. ಕಣ್ಣಿಗೆ ಬಿದ್ದಿದ್ದು ಅಮ್ಮ ಕಳಿಸಿದ್ದ ಬೆಲ್ಲದ ಅಚ್ಚು. ತೂಗಿದೆ. ಸಾವಿರದ ಎಪ್ಪತ್ತು ಗ್ರಾಂ ಇತ್ತು. ಎಪ್ಪತ್ತು ಗ್ರಾಂ ಕೆರೆದು ವಿಜ್ಞಾನಕ್ಕೋಸ್ಕರ ತಿಂದೆ. ಚೀಲಕ್ಕೆ ಹಾಕಿ, ಸ್ಟಿಕ್ಕರ್ ಅಂಟಿಸಿ, ಸಹಿ ಮಾಡ್ದೆ. ಅಳೆಯದ ಹೊತ್ತಲ್ಲಿ ಕಿಟಕಿ ಕೊಕ್ಕೆಗೆ ತೂಗು ಹಾಕಿದೆ.

ಸೋಮವಾರದಿಂದ ಶುರು, ಸಂಜೆಗೊಂದು ಕೋಲು. ಸೋಮವಾರ ಐದನೇ ನಂಬರಿಗೆ ತುದಿ ಕತ್ತರಿಸಿ ಕತ್ತರಿಸಿ ಸುಸ್ತಾಯ್ತು. ಬುಧವಾರ ಬೇಗ ಮುಗೀತು. ಶುಕ್ರವಾರ ಇನ್ನೂ ಬೇಗ. ಶನಿವಾರ ಒಂದು ಚೂರು ಕತ್ತರಿಸೋ ಹೊತ್ತಿಗೇ ಗೆರೆಗೆ ಬಂದು ಕೂತಿತು. ಬೇರೆ ಯಾರಾದ್ರೂ ಆಗಿದ್ರೆ ಎಲ್ಲೋ ಏನೋ ಸರಿಯಿಲ್ಲ ಅನ್ಕೋತಿದ್ರು. ನಾನು, ಕೈ ಪಳಗ್ತಾ ಇದೆ ಅನ್ಕೊಂಡೆ. ಒಂದೇ ವಾರದಲ್ಲಿ ಇಷ್ಟು ಪಳಗಿದ್ರೆ ಒಂದು ವರ್ಷದಲ್ಲಿ ಎಲ್ಲಿರ್ತೀನೋ ಅಂತ ಸ್ವಲ್ಪ ಭಯಾನೂ ಆಯ್ತು.

ಭಾನುವಾರ ಇಂಗ್ರಿಡ್ ಜೊತೆ ಅಭ್ಯಾಸದ ಮೈದಾನಕ್ಕೆ ಹೋದೆ. ಐದನೇ ನಂಬರಲ್ಲಿ ಹೊಡೆದ್ರು. ಚೆಂಡು ನೆಟ್ಟಗೆ ಹೋಯ್ತು. ನಾನು ಚಪ್ಪಾಳೆ ಹೊಡೆದೆ. ಅವರು ಕೈನ ಜಾಕೆಟ್ ಜೇಬಿಗೆ ಇಟ್ಕೊಂಡ್ರು. ಆರರಲ್ಲಿ ಹೊಡೆದ್ರು, ಮತ್ತೆ ಕೈ ಜೇಬಿಗೆ. ಏಳು, ಜೇಬಿಗೆ. ನನ್ನ ಚಪ್ಪಾಳೆ ತಾನಾಗೇ ಸಣ್ಣದಾಯ್ತು. ಎಂಟರಲ್ಲಿ ಹೊಡೆದ್ರು. ಚೆಂಡು ಮೇಲೆದ್ದು, ಗಾಳೀಲಿ ಕೂತು, ಆರಾಮಾಗಿ ಇಳೀತು. ಕೈ ಜೇಬಿಗೆ ಹೋಗ್ಲಿಲ್ಲ. ಇನ್ನೊಂದು ಹೊಡೆದ್ರು, ಇನ್ನೊಂದು, ನನ್ನ ಕೇಳದೆ ಒಂದು ಬುಟ್ಟಿ ಚೆಂಡು ಖಾಲಿ ಮಾಡಿದ್ರು. ಒಂಬತ್ತು ಕೈಗೆ ತಗೊಂಡಾಗ ಚೆಂಡು ಎಡಕ್ಕೆ ಬೇಲಿ ದಾಟಿತು. ವೆಜ್ಜಲ್ಲಿ ಹೊಡೆದದ್ದು ಎಲ್ಲಿ ಹೋಯ್ತು ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ.

"ಇದು ಬೆಂದ ಸ್ಪಾಗೆಟ್ಟಿ," ಅಂದ್ರು ವೆಜ್ ಅಲ್ಲಾಡಿಸಿ. "ಇವು ಒಂದು ಮನೆಯ ಆರು ಮಕ್ಕಳಲ್ಲ. ಬಸ್‌ಸ್ಟಾಪಲ್ಲಿ ಸಿಕ್ಕ ಆರು ಜನ."

ಕೊನೇ ಗುರುವಾರಕ್ಕೆ ಉಳಿದಿದ್ದು ನಾಲ್ಕು ದಿನ. ವಾಪಸ್ ಬರೋವಾಗ ಟ್ರಾಮಲ್ಲಿ ಅವರು ಎಂಟನೇ ನಂಬರನ್ನ ಮಾತ್ರ ಬ್ಯಾಗಿಗೆ ಹಾಕದೆ ಮಂಡಿ ಮಧ್ಯೆ ಹಿಡ್ಕೊಂಡಿದ್ರು.

ನಾನು ಮನೆಗೆ ಬಂದವನೇ ಶಾಫ್ಟ್ ಮಾರಿದವರಿಗೆ ಇಮೇಲ್ ಬರೆಯೋಕೆ ಕೂತೆ. "ನಿಮ್ಮ ಗುಣಮಟ್ಟದ ಬಗ್ಗೆ ನನಗೆ ತೀವ್ರ ನಿರಾಶೆಯಾಗಿದೆ, ಅಳತೆಯೇ ನನ್ನ ವೃತ್ತಿ," ಅಂತ ಎರಡನೇ ಪ್ಯಾರಾ ಶುರು ಮಾಡಿದ್ದೆ. ಒಲೆ ಮೇಲೆ ಸಾರು ಕುದೀತಿತ್ತು. ನನ್ನ ಹೆಂಡತಿ ಸಹನಾ ಉಡುಪಿ ಕಡೆಯವಳು. ಇಲ್ಲಿ ಡಾಗಿಸ್‌ನಲ್ಲಿ, ಅಂದ್ರೆ ಪುಟ್ಟ ಮಕ್ಕಳ ಶಾಲೇಲಿ, ಕೆಲಸ. ದಿನವಿಡೀ ಮೂರು ವರ್ಷದವರನ್ನ ಸಂಭಾಳಿಸಿ ಮನೆಗೆ ಬಂದ್ರೆ ಮತ್ತೆ ನಾನು. ಅವಳು ಚಾಕು ತಗೊಂಡು ಕಿಟಕಿ ಹತ್ರ ಹೋದ್ಲು, ಚೀಲದ ಬಾಯಿ ಬಿಚ್ಚಿದ್ಲು, ಸರ್ರ್ ಅಂತ ಕೆರೆದ್ಲು.

"ಏ! ಏನ್ ಮಾಡ್ತಿದ್ದೀಯ?"

"ಸಾರಿಗೆ ಬೆಲ್ಲ. ಎಂತ ಆಯ್ತು ಮಾರಾಯ?"

"ಅದು ತೂಕದ ಕಲ್ಲು ಕಣೇ!"

"ಬೆಲ್ಲ ಅಲ್ವಾ?"

"ಬೆಲ್ಲಾನೇ. ಆದ್ರೆ ತೂಕದ ಕಲ್ಲು. ಸ್ಟಿಕ್ಕರ್ ಕಾಣಲ್ವಾ?"

"ನೀನು ಟೋಸ್ಟರಿಗೂ ಸ್ಟಿಕ್ಕರ್ ಹಚ್ಚಿದ್ದೀ. ಹಾಗಂತ ಬ್ರೆಡ್ ಸುಡ್ಬಾರ್ದಾ?"

"ಎಷ್ಟು ದಿನದಿಂದ ತೆಗೀತಿದ್ದೀಯ?"

"ಸಾರು ಮಾಡಿದ ದಿನ ಎಲ್ಲ."

ಉಡುಪಿಯವಳನ್ನ ಮದುವೆಯಾದವನ ಮನೇಲಿ ಸಾರು ಮಾಡದ ದಿನ ಇಲ್ಲ, ಬೆಲ್ಲ ಹಾಕದ ಸಾರೂ ಇಲ್ಲ. ಬಳ್ಳಾರಿ ನಾಲಿಗೆಗೆ ಇದು ಮೊದಲಿಂದ್ಲೂ ದೊಡ್ಡ ಜಗಳ. ಆದ್ರೆ ಈ ಜಗಳ ಗಾಲ್ಫ್ ತನಕ ಬರುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.

"ತೂಗು ಹಾಕಿದ್ದು ನೋಡಿ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತುಂಟಾ?" ಅಂದ್ಲು. "ಮೇ ತಿಂಗಳಲ್ಲಿ ಇರುವೆ ಬಂದಿತ್ತಲ್ಲ, ಅದಕ್ಕೇ ಹಾಕಿದ್ದೀ ಅಂದ್ಕೊಂಡೆ. ಅಜ್ಜಿ ಮನೇಲಿ ಬೆಲ್ಲ, ಮೊಸರು ಎಲ್ಲ ಹಗ್ಗದ ಸಿಕ್ಕದಲ್ಲಿ ತೂಗು ಹಾಕೋದು. ಅಂತೂ ಇವನಿಗೆ ಒಂದು ಬುದ್ಧಿ ಬಂತು ಅಂತ ಅಮ್ಮನಿಗೆ ಫೋನ್ ಬೇರೆ ಮಾಡಿದ್ದೆ."

ತೂಗಿದೆ. ಆರುನೂರ ನಲವತ್ತು ಗ್ರಾಂ. ದಿನಾ ಸಾರಿಗಿಷ್ಟು, ಶುಕ್ರವಾರ ಪಾಯಸಕ್ಕೆ ಒಂದು ದೊಡ್ಡ ಪಾಲು. ಬೆಲ್ಲ ಹಗುರಾದ ಹಾಗೆ ಕೋಲು ಕಡಿಮೆ ಬಗ್ತಾ ಹೋಗಿದೆ. ಕಡಿಮೆ ಬಗ್ಗಿದ್ದು ನೋಡಿ ಗಡಸಾಗಿದೆ ಅಂತ ನಾನು ಕಡಿಮೆ ಕತ್ತರಿಸ್ತಾ ಹೋಗಿದ್ದೀನಿ. ಸೋಮವಾರದ ಕೋಲು ಕಂಬ, ಶನಿವಾರದ್ದು ಸ್ಪಾಗೆಟ್ಟಿ. ಪಳಗಿದ್ದು ನನ್ನ ಕೈ ಅಲ್ಲ, ಅವಳ ಚಾಕು.

ಸಹನಾ ಒಲೆ ಸಣ್ಣ ಮಾಡಿ ನನ್ನೆದುರು ಬಂದು ಕೂತ್ಲು. ಡಾಗಿಸ್‌ನಲ್ಲಿ ಕಚ್ಚಿದ ಮಗೂನ ಕೂರಿಸ್ಕೊಂಡು ಮಾತಾಡೋ ದನಿ ತೆಗೆದ್ಲು.

"ನಿನ್ನ ಕೆಲಸ ಎಂತದು, ಹೇಳು?"

"ಕ್ಯಾಲಿಬ್ರೇಷನ್."

"ಲ್ಯಾಬಲ್ಲಿ ತಕ್ಕಡಿ ಯಾವಾಗ ನೋಡ್ತೀ?"

"ದಿನಾ ಬೆಳಿಗ್ಗೆ."

"ಬೆಲ್ಲ?"

ನಾನು ಇಮೇಲ್ ಡಿಲೀಟ್ ಮಾಡ್ದೆ.

ಸಾರು ಉಂಡು ಕೆಳಗೆ ಹೋಗಿ ಇಂಗ್ರಿಡ್ ಬೆಲ್ ಒತ್ತಿದೆ. ಕೆರೇಲಿರೋ ಕೋಲಿನ ತಲೆಯಿಂದ ಹಿಡಿದು ಪಾಯಸದ ತನಕ ಎಲ್ಲ ಒಪ್ಕೊಂಡೆ. ಬೆಲ್ಲ ಅಂದ್ರೇನು ಅಂತ ತಿಳಿಸೋಕೇ ಹತ್ತು ನಿಮಿಷ ಆಯ್ತು. ಅವರು ಎಂಟನೇ ನಂಬರ್ ಹಿಡ್ಕೊಂಡೇ ಕೇಳಿಸ್ಕೊಂಡ್ರು.

"ಅಂದ್ರೆ ತೊಂದ್ರೆ ಇದ್ದಿದ್ದು ನನ್ನ ಕೈಯಲ್ಲಿ ಅಲ್ಲ?"

"ಅಲ್ಲ. ನಮ್ಮ ಸಾರಲ್ಲಿ."

ಅವರು ಮಣಿಕಟ್ಟು ಒಂದ್ಸಲ ತಿರುಗಿಸಿ ನೋಡ್ಕೊಂಡ್ರು. "ಹಾಗಾದ್ರೆ ಎಲ್ಲ ಈ ಎಂಟರ ಹಾಗೇ ಮಾಡು."

"ಆದ್ರೆ ಅದು ರೆಗ್ಯುಲರ್ ಅಲ್ಲ. ಅದಕ್ಕಿಂತ ಮೆತ್ತಗೆ. ಹೆಚ್ಚು ಕಡಿಮೆ ಸೀನಿ..."

ಅವರು ಕೋಲಿನ ಮೇಲೆ ಅಚ್ಚಾಗಿದ್ದ ಅಕ್ಷರ ಕನ್ನಡಕ ಏರಿಸಿ ಓದಿದ್ರು. "ಇಲ್ಲಿ ರೆಗ್ಯುಲರ್ ಅಂತ ಬರೆದಿದೆಯಲ್ಲ?"

"ಅಂಗಡಿಯವರು ಬರೆದಿದ್ದು ಹಾಗೇ."

"ಸಾಕು. ಬಿರ್ಗಿತ್ತಾ ಓದೋದು ಅಕ್ಷರ. ಹೊಡೆಯೋದು ನನ್ನ ಕೈ."

ಸೋಮವಾರ ಸ್ಟೀಲಿನ ತೂಕ ಬಂತು. ಸಹನಾ ಫ್ರಿಜ್ಜಿಗೆ ಒಂದು ಚಾರ್ಟ್ ಅಂಟಿಸಿದ್ಲು. ಒಂದೊಂದು ಅಳತೆಗೂ ಮುಂಚೆ ತೂಕ ತೂಗಬೇಕು, ಶಾಫ್ಟ್ ಎಷ್ಟು ಉದ್ದ ಕಚ್ಚಿಸಬೇಕು ಅನ್ನೋದಕ್ಕೆ ಟೇಪ್ ಗುರುತು, ಒಂದೊಂದು ಕೋಲು ಮೂರು ಸಲ. ಸರಿಯಾಗಿ ಮಾಡಿದ ಸಲಕ್ಕೊಂದು ನಕ್ಷತ್ರ. ಟೇಪ್ ಗುರುತು ಹಾಕೋಕೆ ಹೋದಾಗ ಇನ್ನೊಂದು ಗುಟ್ಟು ಹೊರಬಿತ್ತು. ನಾನು ಒಂದಿನ ನಾಲ್ಕು ಬೆರಳು ಉದ್ದ ಕಚ್ಚಿಸಿದ್ರೆ ಇನ್ನೊಂದಿನ ಆರು ಬೆರಳು ಕಚ್ಚಿಸಿದ್ದೆ. "ಸ್ಟ್ಯಾಂಡರ್ಡ್ ಅಂತೆ!" ಅಂದ್ಲು. "ಹಣ್ಣು ಹಂಚುವಾಗ ಹೀಗೆ ಮಾಡಿದ್ರೆ ನಮ್ಮ ಮಕ್ಕಳು ನಿನ್ನನ್ನ ಹರಿದು ತಿಂತಾವೆ."

ಗೋಂದು ಬಿಸಿ ಮಾಡಿ ಆರೂ ತಲೆ ಬಿಚ್ಚಿದೆ. ಎಂಟನೇ ಶಾಫ್ಟಿಗೆ ಸ್ಟೀಲ್ ತೂಕ ಕಟ್ಟಿ, ಎಷ್ಟು ಬಗ್ತು ಅಂತ ಮೂರು ಸಲ ಬರ್ಕೊಂಡೆ. ಇನ್ನು ಮೇಲೆ ರೆಗ್ಯುಲರ್ ಇಲ್ಲ, ಸೀನಿಯರ್ ಇಲ್ಲ. ಇಂಗ್ರಿಡ್ ಅನ್ನೋದೇ ಅಳತೆ. ಆ ಗೆರೆ ಇಟ್ಕೊಂಡು ಉಳಿದ ನಂಬರುಗಳಿಗೆ ಪಟ್ಟಿ ಹೊಸದಾಗಿ ಹಾಕ್ದೆ. ಮೆತ್ತಗಿದ್ದ ಒಂಬತ್ತು ಮತ್ತು ವೆಜ್ಜಿನ ತುದಿ ಇನ್ನಷ್ಟು ಕತ್ತರಿಸಿದೆ, ಗಿಡ್ಡ ಆಗಿದ್ದಕ್ಕೆ ಹಿಡಿ ಕಡೆ ಒಂದು ತುಂಡು ಸೇರಿಸಿದೆ. ಗಡಸಾಗಿದ್ದ ಐದು, ಆರು, ಏಳರದ್ದು ಕಷ್ಟ. ಕತ್ತರಿಸಿದ ತುದಿ ಮತ್ತೆ ಬೆಳೆಯೋಕೆ ಅದೇನು ಉಗುರಾ? ಮಿಕ್ಕಿದ್ದ ಎರಡು ಶಾಫ್ಟ್ ಐದಕ್ಕೆ, ಏಳಕ್ಕೆ ಹೋಯ್ತು. ಆರಕ್ಕೆ ಇಲ್ಲ. ಹೊಸದು ಬರೋದು ಮುಂದಿನ ವಾರ.

"ಆರು ಇಲ್ದೆ ಆಡ್ತೀನಿ," ಅಂದ್ರು ಇಂಗ್ರಿಡ್. "ಐದನ್ನ ಮೆಲ್ಲಗೆ ಹೊಡೀತೀನಿ, ಇಲ್ಲಾ ಏಳನ್ನ ಜೋರಾಗಿ."

ಗೋಂದು ಒಣಗಿ 'ಹೂಂ' ಅನ್ನೋ ಹೊತ್ತಿಗೆ ಬುಧವಾರ ಸಂಜೆ. ಕೋಲುಗಳನ್ನ ಕೊಟ್ಟು ಬಂದೆ. ನನ್ನ ಚಾರ್ಟಲ್ಲಿ ಹದಿನಾಲ್ಕು ನಕ್ಷತ್ರ ಇತ್ತು. ಹದಿನೈದನೇದು ಸಹನಾ ಕೊಡ್ಲಿಲ್ಲ. ಒಂದ್ಸಲ ತೂಗೋದು ಮರೆತಿದ್ದೆನಂತೆ.

ಗುರುವಾರ ನಾನು ಲ್ಯಾಬಲ್ಲಿದ್ದೆ. ಬೆಳಿಗ್ಗೆ ಒಂದೇ ತಕ್ಕಡೀನ ನಾಲ್ಕು ಸಲ ಪರೀಕ್ಷೆ ಮಾಡ್ದೆ. ಫೀಕಾ ಹೊತ್ತಲ್ಲಿ ಎಲ್ಲರೂ ಕಾಫಿ ಕುಡಿಯೋವಾಗ, ಈಗ ನಾಲ್ಕನೇ ಗುಂಡಿ, ಈಗ ಐದನೇದು, ಕೈ ಜೇಬಲ್ಲಿದ್ಯೋ ಹೊರಗಿದ್ಯೋ ಅಂತ ನಾನು ಮನಸ್ಸಲ್ಲೇ ಹಿಂದೆ ಹೋಗ್ತಿದ್ದೆ. ಮೆಸೇಜ್ ಬರ್ಲಿಲ್ಲ. ಇಂಗ್ರಿಡ್ ಮೆಸೇಜ್ ಮಾಡೋ ಜಾತಿ ಅಲ್ಲ.

ಸಂಜೆ ಮನೆಗೆ ಬಂದವನು ಅವರ ಬೆಲ್ ಒತ್ತೋಕೆ ಧೈರ್ಯ ಸಾಲದೆ, ಬಟ್ಟೆಗೆ ಹೊತ್ತು ಹಿಡಿಯೋ ನೆಪದಲ್ಲಿ ನೆಲಮಾಳಿಗೆಗೆ ಹೋದೆ. ಈಗ ನಾನು ಬೋರ್ಡ್ ನೋಡೋ ಮನುಷ್ಯ. ಬೇಸಿಗೆ ಪೂರ್ತಿ ಗುರುವಾರ ಬೆಳಗಿನ ತೂತಲ್ಲಿ ಇಂಗ್ರಿಡ್ ಮನೆ ನಂಬರಿನ ಬೀಗ ಕೂತಿತ್ತು. ಯಾವ ವಾರ ನೋಡಿದ್ರೂ ಅಲ್ಲೇ, ಮೊಳೆ ಹೊಡೆದ ಹಾಗೆ.

ಅವತ್ತು ಆ ತೂತು ಖಾಲಿ ಇತ್ತು. ಬೀಗ ಮಂಗಳವಾರಕ್ಕೆ ಹೋಗಿತ್ತು.

ಜೇಬಿಂದ ನಮ್ಮ ಬೀಗ ತೆಗೆದು ಗುರುವಾರಕ್ಕೆ ಸಿಗಿಸಿ ತಿರುಗಿಸಿದೆ. ಎರಡೆರಡು ಮೆಟ್ಟಿಲು ಹಾರ್ಕೊಂಡು ಮೇಲೆ ಬಂದೆ.

"ಎಂತ ಆಯ್ತು?" ಅಂದ್ಲು ಸಹನಾ.

"ಇಂಗ್ರಿಡ್ ಗುರುವಾರ ಇನ್ಮೇಲೆ ಒಗೆಯೋಕಲ್ಲ ಕಣೇ. ನಮಗೆ ಸಿಕ್ತು!"

ಅವಳಿಗೆ ಒಂದು ಕ್ಷಣ ಬೇಕಾಯ್ತು. ಆಮೇಲೆ ಚಾಕು ತಗೊಂಡು ಕಿಟಕಿ ಹತ್ರ ಹೋಗಿ ಚೀಲದ ಬಾಯಿ ಬಿಚ್ಚಿದ್ಲು. "ಪಾಯಸಕ್ಕೆ ಎಷ್ಟು ತೆಗೀಲಿ? ತೂಗಿ ಕೊಡ್ತೀಯಾ?"

"ಬೇಡ," ಅಂದೆ. "ನಿನ್ನ ಕೈಗೆ ಬಂದಷ್ಟು."